ಎಇಡಿ ಬಳಸಿದ ಮೇಲೆ: ಏನನ್ನು ಬರೆದಿಡಬೇಕು, ಯಾರಿಗೆ ತಿಳಿಸಬೇಕು

ಎಇಡಿ ಎಂದರೆ ಹೃದಯ ಹಠಾತ್ತನೆ ಸ್ತಂಭಿಸಿ ಕುಸಿದವರ ಎದೆಗೆ ಅಂಟಿಸುವ ಪ್ಯಾಡ್‌ಗಳ ಮೂಲಕ ಹೃದಯದ ಲಯವನ್ನು ಪರೀಕ್ಷಿಸಿ, ಬೇಕಿದ್ದರೆ ವಿದ್ಯುತ್ ಶಾಕ್ ಕೊಡುವ ಯಂತ್ರ. ಆನ್ ಮಾಡಿ ಪ್ಯಾಡ್ ಅಂಟಿಸಿದ ಮೇಲೆ ಅದು ಹೃದಯದ ಲಯವನ್ನೂ ಶಾಕ್ ಕೊಟ್ಟ ವೇಳೆಯನ್ನೂ ತನ್ನ ಮೆಮೊರಿಯಲ್ಲಿ ದಾಖಲಿಸಿಕೊಳ್ಳುತ್ತದೆ. ಆದರೆ ವ್ಯಕ್ತಿ ಕುಸಿದದ್ದು ಯಾವಾಗ, ಅದನ್ನು ಯಾರಾದರೂ ಕಣ್ಣಾರೆ ಕಂಡರೇ, ಸಿಪಿಆರ್ (ಎದೆಯನ್ನು ಒತ್ತಿ ರಕ್ತಸಂಚಾರ ಉಳಿಸುವ ತುರ್ತು ಉಪಚಾರ) ಎಷ್ಟು ಹೊತ್ತಿಗೆ ಶುರುವಾಯಿತು ಎಂಬುದು ಸ್ಥಳದಲ್ಲಿದ್ದವರಿಗಷ್ಟೇ ಗೊತ್ತು. ಆದ್ದರಿಂದ ನೆನಪು ಮಸುಕಾಗುವ ಮುನ್ನವೇ ಅದನ್ನು ಬರೆದಿಡುವುದು ಅಗತ್ಯ.

ಆಂಬುಲೆನ್ಸ್ ಸಿಬ್ಬಂದಿ ಬಂದಾಗ, ಅವರು ಹೇಳುವವರೆಗೆ ಯಂತ್ರವನ್ನು ಆಫ್ ಮಾಡಬೇಡಿ, ಪ್ಯಾಡ್‌ಗಳನ್ನು ಕೀಳಬೇಡಿ. ಕುಸಿದ ಸಮಯ, ಕೊಟ್ಟ ಶಾಕ್‌ಗಳ ಸಂಖ್ಯೆ, ಉಸಿರಾಟ ಅಥವಾ ಪ್ರಜ್ಞೆ ಮರಳಿತೇ ಎಂಬುದನ್ನು ಚುಟುಕಾಗಿ ತಿಳಿಸಿ.

ರೋಗಿಯನ್ನು ಕರೆದೊಯ್ದ ಕೂಡಲೇ ಕುಳಿತು ಬರೆಯಿರಿ. ಉದಾಹರಣೆಗೆ: "ಸುಮಾರು 10:42ಕ್ಕೆ ಕುಸಿದರು; 10:43ಕ್ಕೆ ತುರ್ತು ಕರೆ; 10:44ಕ್ಕೆ ಸಿಪಿಆರ್ ಆರಂಭ; 10:48ಕ್ಕೆ ಮೊದಲ ಶಾಕ್; 10:50ಕ್ಕೆ ಶಾಕ್ ಬೇಡವೆಂದು ಯಂತ್ರ ಹೇಳಿತು." ಈ ಕೊನೆಯ ಸಾಲನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಶಾಕ್ ಬೇಡವೆಂದ ಪ್ರತಿ ಸಲವೂ ಹೃದಯದ ಸ್ಥಿತಿಯ ಬಗ್ಗೆ ಸುಳಿವು ನೀಡುವುದರಿಂದ ಅದನ್ನು ಬಿಡಬಾರದು. ಕರೆ ಮಾಡಿದ ವೇಳೆಯನ್ನು ಫೋನಿನ ಕಾಲ್ ಲಾಗ್‌ನಿಂದಲೇ ತೆಗೆದುಕೊಳ್ಳಿ. ಯಂತ್ರದ ಗಡಿಯಾರ ಫೋನಿಗಿಂತ ಹಿಂದೆ ಮುಂದೆ ಇದ್ದರೆ ಆ ವ್ಯತ್ಯಾಸವನ್ನೂ ನಮೂದಿಸಿ. ಇಲ್ಲವಾದರೆ ಎರಡೂ ದಾಖಲೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದ್ದೆಂದೇ ಬರೆಯಿರಿ, ಅಂದಾಜಿಗೆ "ಸುಮಾರು" ಎಂದು ಸೇರಿಸಿ. ಸಾವಿಗೆ ಅಥವಾ ಚೇತರಿಕೆಗೆ ಕಾರಣವೇನೆಂದು ನೀವು ತೀರ್ಮಾನಿಸುವುದು ಬೇಡ.

ನಂತರ ಯಂತ್ರದ ಹೊಣೆ ಹೊತ್ತವರಿಗೆ ಅದರ ಮಾದರಿ, ಕ್ರಮಸಂಖ್ಯೆಯೊಂದಿಗೆ ಬಳಕೆಯ ವಿಷಯವನ್ನು ತಿಳಿಸಿ. ಕೆಲವು ಮಾದರಿಗಳಲ್ಲಿ ಮುಂದಿನ ಬಳಕೆಯ ದಾಖಲೆ ಹಿಂದಿನದನ್ನು ಅಳಿಸಿಹಾಕುವ ಸಾಧ್ಯತೆಯಿರುವುದರಿಂದ, ಯಂತ್ರವನ್ನು ಮತ್ತೆ ಪೆಟ್ಟಿಗೆಗೆ ಸೇರಿಸುವ ಮೊದಲೇ ಮಾಹಿತಿಯನ್ನು ಡೌನ್‌ಲೋಡ್ ಮಾಡಿಸಿ, ಚಿಕಿತ್ಸೆ ನೀಡುತ್ತಿರುವ ಆಸ್ಪತ್ರೆಗೆ ತಲುಪಿಸಬೇಕು. ಪ್ಯಾಡ್‌ಗಳು ಒಂದೇ ಬಳಕೆಯವು. ಹೊಸದನ್ನು ಹಾಕಿ, ಬ್ಯಾಟರಿ ಪರೀಕ್ಷಿಸಿ, ದಿನಾಂಕ ಬರೆಯಿರಿ. ಪ್ಯಾಡ್ ಅಂಟದಿದ್ದರೆ, ಧ್ವನಿಸೂಚನೆ ಕೇಳಿಸದಿದ್ದರೆ, ಅಂಥ ದೋಷವನ್ನು ತಯಾರಕರಿಗೂ ವರದಿ ಮಾಡಿ.

ಈ ದಾಖಲೆಯಲ್ಲಿ ಒಬ್ಬರ ಆರೋಗ್ಯದ ವಿವರಗಳಿರುತ್ತವೆ. ಚಿಕಿತ್ಸೆಗೆ ಮತ್ತು ಅಧಿಕೃತ ವರದಿಗೆ ಬೇಕಾದವರ ಹೊರತು ಬೇರೆಯವರಿಗೆ, ವಾಟ್ಸ್ಆ್ಯಪ್ ಗುಂಪುಗಳಿಗಂತೂ, ಅದನ್ನು ಕಳುಹಿಸಲೇಬಾರದು.