ಕಾರ್ಲೆಯ ಚೈತ್ಯವನ್ನು ನಾನು ನೋಡಿದ ಬಗೆ

ಪುಣೆಯಲ್ಲಿ ನೆಲೆಸಿ ಹನ್ನೊಂದು ವರ್ಷಗಳಾಗಿದ್ದರೂ ಲೋಣಾವಳಾ ಸಮೀಪದ ಕಾರ್ಲೆಯ ಬೌದ್ಧ ಗುಹೆಗಳನ್ನು ನಾನು ನೆಟ್ಟಗೆ ನೋಡಿದ್ದು ಎರಡನೆಯ ಭೇಟಿಯಲ್ಲಿ. ಮೊದಲ ಸಲ ಭಾನುವಾರ ಬೆಳಿಗ್ಗೆ ಹೋಗಿ ಕೆಟ್ಟೆ. ಚೈತ್ಯದ, ಅಂದರೆ ಸ್ತೂಪವಿರುವ ಪೂಜಾ ಸಭಾಂಗಣದ, ಬಾಗಿಲಲ್ಲೇ ಏಕವೀರಾ ದೇವಿಯ ಗುಡಿಯಿದ್ದು, ಕರಾವಳಿಯ ಮೀನುಗಾರ ಕುಟುಂಬಗಳು ಅಂದು ಸಾಲುಗಟ್ಟಿ ಬಂದಿದ್ದವು. ನೂಕುನುಗ್ಗಲಿನಲ್ಲಿ ಒಳಹೊಕ್ಕರೆ ಕಂಬಗಳ ಮೇಲ್ಭಾಗವೆಲ್ಲ ಮಬ್ಬು. ಗುಹೆಯ ಮುಖ ಪಶ್ಚಿಮಕ್ಕಿದೆ ಎಂಬುದನ್ನು, ಕಟ್ಟಡಗಳ ನಕ್ಷೆ ಬರೆದೇ ಹೊಟ್ಟೆ ಹೊರೆಯುವ ನಾನು, ಮೊದಲೇ ಯೋಚಿಸಬೇಕಿತ್ತು.

ಎರಡನೆಯ ಸಲ ವಾರದ ನಡುವೆ ರಜೆ ಹಾಕಿ, ಹೆಂಡತಿಯೊಡನೆ ಲೋಕಲ್ ರೈಲಿನಲ್ಲಿ ಮಳವಲಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು, ಮೆಟ್ಟಿಲು ಹತ್ತಿ ಮಧ್ಯಾಹ್ನ ಮೂರೂವರೆಗೆ ಮೇಲೆ ತಲುಪಿದೆವು. ಕುದುರೆ ಲಾಳದ ಆಕಾರದ ದೊಡ್ಡ ಗವಾಕ್ಷದಿಂದ ಬಿಸಿಲು ಓರೆಯಾಗಿ ಒಳಬಂದು, ಸುಮಾರು 38 ಮೀಟರ್ ಉದ್ದದ ಆ ಸಭಾಂಗಣದ ಕೊನೆಯಲ್ಲಿರುವ ಸ್ತೂಪದ ಕಡೆಗೆ ನಿಧಾನವಾಗಿ ಸರಿಯುತ್ತಿತ್ತು.

ಸ್ತೂಪಕ್ಕಿಂತ ಮೊದಲು ನಾನು ನೋಡಿದ್ದು ಚಾವಣಿಯನ್ನು. ಕಮಾನಿನಾಕಾರದ ಕಲ್ಲಿನ ಚಾವಣಿಗೆ ಒತ್ತಿಕೊಂಡು ಮರದ ಪಕ್ಕೆಗಳಿವೆ; ಅವು ಈಚಿನ ದುರಸ್ತಿಯವಲ್ಲ, ಸುಮಾರು 2000 ವರ್ಷ ಹಳೆಯ ಮೂಲ ಮರ. ಬೆಟ್ಟವನ್ನೇ ಕೊರೆದು ಮಾಡಿದ ಕೋಣೆಗೆ ಆಸರೆಯ ಅಗತ್ಯವಿಲ್ಲವಾದ್ದರಿಂದ ಅವು ಯಾವ ಭಾರವನ್ನೂ ಹೊರುತ್ತಿಲ್ಲ. ಮರದಲ್ಲಿ ಕಟ್ಟಿ ರೂಢಿಯಾದ ಕೈಗಳು ಕಲ್ಲಿಗೆ ಬಂದಾಗಲೂ ಹಳೆಯ ಆಕಾರವನ್ನು ಬಿಟ್ಟುಕೊಡಲಿಲ್ಲ. ಎದುರು ಗುಡ್ಡದಲ್ಲಿರುವ, ಇದಕ್ಕಿಂತ ಹಳೆಯ ಭಾಜೆಯ ಚೈತ್ಯದಲ್ಲಂತೂ ಕಂಬಗಳೇ ಒಳಕ್ಕೆ ವಾಲಿವೆ, ಮರದ ಮನೆಯಲ್ಲಿ ಚಾವಣಿಯ ತಳ್ಳುವಿಕೆಗೆ ಎದುರು ಕೊಡುವಂತೆ. ಕಾರ್ಲೆಯ ಹೊತ್ತಿಗೆ ಕಂಬಗಳು ನೆಟ್ಟಗಾಗಿವೆ. ಕಲ್ಲಿನ ಮೇಲೆ ನಂಬಿಕೆ ಬಂದದ್ದು ಆಗ ಎಂದು ನನ್ನ ಊಹೆ.

ಕಂಬಗಳು ಒಟ್ಟು 37. ಎರಡು ಬದಿಗೆ ಹದಿನೈದರಂತೆ ಇರುವವುಗಳಿಗೆ ಬುಡದಲ್ಲಿ ಕುಂಭ, ತಲೆಯಲ್ಲಿ ಗಂಟೆಯಾಕಾರದ ಬೋದಿಗೆ, ಅದರ ಮೇಲೆ ಮಂಡಿಯೂರಿದ ಆನೆಗಳ ಬೆನ್ನೇರಿದ ದಂಪತಿಗಳು. ಸ್ತೂಪದ ಹಿಂದಿನ ಏಳಕ್ಕೆ ಯಾವ ಅಲಂಕಾರವೂ ಇಲ್ಲ, ಬರೀ ಎಂಟು ಮೂಲೆ. ಆ ಏಳರ ನಡುವೆ ನಿಂತಾಗ ಮುಂಭಾಗದ ಸಡಗರ ತಟ್ಟನೆ ನಿಂತುಹೋದಂತಾಗುತ್ತದೆ. ಪಕ್ಕದ ವಿಹಾರಗಳಿಗೆ ನಮಗೆ ಕಾಲು ಗಂಟೆಯಷ್ಟೇ ಉಳಿದಿತ್ತು. ಭಿಕ್ಷುಗಳ ಇಕ್ಕಟ್ಟಾದ ಕೋಣೆಗಳಲ್ಲಿ ಕಲ್ಲಿನ ಮಂಚಗಳನ್ನು ನೋಡಿ ಹೊರಬಂದೆವು.

ನಾನು ಮುಖ್ಯವಾಗಿ ಹುಡುಕಿಕೊಂಡು ಹೋದದ್ದು ಮುಖಮಂಟಪದ ಎಡತುದಿಯ ಬ್ರಾಹ್ಮೀ ಶಾಸನ. ವೈಜಯಂತಿಯ ಸೆಟ್ಟಿ ಭೂತಪಾಲನು ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ಣಗೊಳಿಸಿದನೆಂದು ಅದು ಪ್ರಾಕೃತದಲ್ಲಿ ಹೇಳುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎದುರಿನಿಂದ ಟಾರ್ಚ್ ಬಿಟ್ಟರೆ ಕಲ್ಲು ಬೆಳ್ಳಗಾಗಿ ಅಕ್ಷರ ಮಾಯವಾಗುತ್ತಿತ್ತು. ಪಕ್ಕಕ್ಕೆ ಸರಿದು ಗೋಡೆಗೆ ಒರಸಿದಂತೆ ಬೆಳಕು ಹಿಡಿದಾಗ ಗೀರುಗಳಲ್ಲಿ ನೆರಳು ತುಂಬಿಕೊಂಡಿತು. ಮನೆಯಲ್ಲಿ ಬರೆದುಕೊಂಡು ಹೋಗಿದ್ದ ಚೀಟಿಗೆ ಹೋಲಿಸುತ್ತ ಒಂದೊಂದೇ ಅಕ್ಷರ ಕೂಡಿಸಿದೆ.

ಶಿರಸಿಯಲ್ಲಿ ಹುಟ್ಟಿ ಬೆಳೆದ ನನ್ನವಳು ಚೀಟಿಯನ್ನು ಇಸಿದುಕೊಂಡು ನೋಡಿ, “ಹಾಗಾದ್ರೆ ನಮ್ಮ ಕಡೆಯವ್ರೇ ಆಯ್ತಲ್ರೀ, ಅಷ್ಟು ದೂರದಿಂದ ಬಂದು ಮಾಡ್ಸಿದಾರೆ” ಎಂದು ಇನ್ನೊಮ್ಮೆ ಟಾರ್ಚ್ ಹಿಡಿಯಲು ಹೇಳಿದಳು.