ಹಿಮ್ಮಡಿ ನೋವೇ? ಹಾಸಿಗೆಯಿಂದ ಇಳಿಯುವ ಮೊದಲೇ ಶುರು ಮಾಡಿ

ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟ ಕೂಡಲೇ ಹಿಮ್ಮಡಿಯಲ್ಲಿ ಚುಚ್ಚಿದಂತಾಗುತ್ತದೆ. ಗೋಡೆ ಹಿಡಿದು ಕುಂಟುತ್ತಾ ಬಚ್ಚಲಿಗೆ ಹೋಗಬೇಕು. ನಾಲ್ಕು ಹೆಜ್ಜೆ ಓಡಾಡಿದ ಮೇಲೆ ಸ್ವಲ್ಪ ಸಡಿಲ. ಬಸ್ಸಿನಲ್ಲೋ ಆಫೀಸಿನಲ್ಲೋ ಒಂದಷ್ಟು ಹೊತ್ತು ಕೂತು ಎದ್ದರೆ ಮತ್ತೆ ಅದೇ ಕಥೆ. ಹೀಗಿದ್ದರೆ ಅದು ಬಹುಪಾಲು ಪ್ಲಾಂಟರ್ ಫೇಶಿಯೈಟಿಸ್, ಅಂದರೆ ಅಂಗಾಲಿನ ಪಟ್ಟಿಯ ನೋವು. ಹತ್ತರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುವ ತೊಂದರೆ ಇದು. 40ರಿಂದ 60ರ ವಯಸ್ಸಿನಲ್ಲಿ ಜಾಸ್ತಿ.

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಒಂದು ದಪ್ಪ ಪಟ್ಟಿ ಇದೆ. ಬಿಲ್ಲಿಗೆ ಹೆದೆ ಕಟ್ಟಿದ ಹಾಗೆ, ಅಂಗಾಲಿನ ಕಮಾನನ್ನು ಹಿಡಿದಿಡುವುದು ಅದೇ. ಅದು ತಾಳುವುದಕ್ಕಿಂತ ಜಾಸ್ತಿ ಭಾರ ದಿನಾ ಬಿದ್ದರೆ ಹಿಮ್ಮಡಿಗೆ ಅಂಟಿಕೊಂಡಿರುವ ಜಾಗದಲ್ಲಿ ಸವೆಯುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಬಾಗಿ ಪಟ್ಟಿ ಬಿಗಿದುಕೊಳ್ಳುತ್ತದೆ. ಬೆಳಿಗ್ಗೆ ಒಮ್ಮೆಲೇ ಮೈಭಾರವೆಲ್ಲ ಬಿದ್ದಾಗ ಅದೇ ಜಾಗ ಎಳೆಯುತ್ತದೆ. ತಿಂಗಳುಗಟ್ಟಲೆ ಉಳಿದ ನೋವಿನಲ್ಲಿ ಉರಿಯೂತಕ್ಕಿಂತ ಸವೆತವೇ ಜಾಸ್ತಿ. ಹಾಗಾಗಿ ಮಾತ್ರೆ ನೋವು ತಗ್ಗಿಸಬಹುದು, ಪಟ್ಟಿಯನ್ನು ಗಟ್ಟಿ ಮಾಡುವುದಿಲ್ಲ. ಆ ಕೆಲಸ ವ್ಯಾಯಾಮದ್ದು.

ಎಕ್ಸ್‌ರೇ ನೋಡಿ 'ಮೂಳೆ ಬೆಳೆದಿದೆ' ಅಂದರೆ ಹೆದರಬೇಡಿ. ಅಂಥ ಮುಳ್ಳು ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಇರುತ್ತದೆ. ಅದನ್ನು ತೆಗೆಸಬೇಕಾದ ಸಂದರ್ಭ ತೀರಾ ಅಪರೂಪ.

ಮೊದಲು ನೋವಿನ ಜಾಗ ಗುರುತಿಸಿ. ಹಿಮ್ಮಡಿಯ ತಳದಲ್ಲಿ, ಒಳಬದಿಗೆ, ಕಮಾನು ಶುರುವಾಗುವ ಕಡೆ ಹೆಬ್ಬೆರಳಿನಿಂದ ಒತ್ತಿ ನೋಡಿ. 'ಅಯ್ಯೋ, ಇಲ್ಲೇ' ಅನ್ನಿಸಿದರೆ ಇದೇ ತೊಂದರೆ ಇರಬಹುದು. ನೋವು ಹಿಮ್ಮಡಿಯ ಹಿಂಭಾಗದಲ್ಲಿದ್ದರೆ ಕಾರಣ ಬೇರೆ.

ಇನ್ನು ಮುಖ್ಯ ವ್ಯಾಯಾಮ. ಇದನ್ನು ಹಾಸಿಗೆಯ ಮೇಲೆ ಕೂತೇ ಮಾಡಬೇಕು, ನೆಲಕ್ಕೆ ಕಾಲಿಡುವ ಮೊದಲು. ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಳ್ಳಿ. ಒಂದು ಕೈಯಿಂದ ಐದೂ ಬೆರಳು ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ. ಇನ್ನೊಂದು ಕೈಯಿಂದ ಅಂಗಾಲು ಮುಟ್ಟಿದರೆ ಪಟ್ಟಿ ದಾರದಂತೆ ಬಿಗಿಯಾಗಿರುವುದು ಬೆರಳಿಗೆ ಸಿಗುತ್ತದೆ. ಹಾಗೆ ಸಿಕ್ಕರೆ ಸರಿಯಾಗಿ ಎಳೆದಿದ್ದೀರಿ ಅಂತ ಅರ್ಥ. 10 ಸೆಕೆಂಡು ಹಿಡಿದು ಬಿಡಿ. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ತುಂಬಾ ಹೊತ್ತು ಕೂತು ಏಳುವ ಮುಂಚೆಯೂ ಮಾಡಿದರೆ ಒಳ್ಳೆಯದು. ಕಾಸು ಖರ್ಚಿಲ್ಲದ ಇದನ್ನೇ ಹೆಚ್ಚಿನವರು ಎರಡು ದಿನ ಮಾಡಿ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಮೀನಖಂಡ ಬಿಗಿಯಾಗಿದ್ದರೂ ಅಂಗಾಲಿಗೆ ಎಳೆತ ಜಾಸ್ತಿ. ಗೋಡೆಗೆ ಕೈಯೂರಿ, ನೋವಿನ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ. ಅರ್ಧ ನಿಮಿಷ ಹಾಗೇ ನಿಂತು, ಮೂರು ಸಲ ಮಾಡಿ.

ನೋವು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಬಲ ಕೊಡುವ ವ್ಯಾಯಾಮ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಕಂಬಿ ಹಿಡಿದುಕೊಳ್ಳಿ. ಟವೆಲ್ ಸುರುಳಿ ಸುತ್ತಿ ಬೆರಳುಗಳ ಕೆಳಗಿಡಿ, ಬೆರಳು ಮೇಲಕ್ಕೆ ಬಾಗಿರಲಿ. 3 ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, 2 ಸೆಕೆಂಡು ನಿಂತು, 3 ಸೆಕೆಂಡಿನಲ್ಲಿ ಇಳಿಸಿ. ಮೊದಲು ಎರಡೂ ಕಾಲಿನಲ್ಲಿ, ಆಮೇಲೆ ಒಂದೇ ಕಾಲಿನಲ್ಲಿ. 12 ಸಲಕ್ಕೆ ಒಂದು ಸುತ್ತು, ಮೂರು ಸುತ್ತು, ದಿನ ಬಿಟ್ಟು ದಿನ. ಡೆನ್ಮಾರ್ಕಿನ ಸಂಶೋಧಕರು ಇದನ್ನು ಪರೀಕ್ಷಿಸಿದಾಗ, ಬರೀ ಎಳೆಯುವ ವ್ಯಾಯಾಮ ಮಾಡಿದವರಿಗಿಂತ ಇದನ್ನು ಮಾಡಿದವರು ಮೂರು ತಿಂಗಳ ಹೊತ್ತಿಗೆ ಹೆಚ್ಚು ಸುಧಾರಿಸಿದ್ದರು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಡಿಮೆ ಸಮ. ಅಂದರೆ ಬೇಗ ಗುಣ ಬೇಕಿದ್ದರೆ ಇದನ್ನೂ ಸೇರಿಸಿಕೊಳ್ಳಿ.

ಕಾಲಿನ ಕೆಳಗೆ ಏನಿದೆ ಅನ್ನುವುದೂ ಅಷ್ಟೇ ಮುಖ್ಯ. ನಮ್ಮ ಮನೆಗಳಲ್ಲಿ ಈಗ ಗ್ರಾನೈಟ್, ಇಲ್ಲಾ ಗಟ್ಟಿ ಟೈಲ್ಸ್. ಅದರ ಮೇಲೆ ಬರಿಗಾಲಲ್ಲಿ ನಿಂತು ಬೆಳಗಿನ ತಿಂಡಿ, ಡಬ್ಬಿ, ಪಾತ್ರೆ ಎಲ್ಲ ಮುಗಿಸುವ ಹೆಂಗಸರಿಗೆ 'ತೂಕ ಇಳಿಸಿ' ಅಂತ ಹೇಳಿ ಕಳಿಸಿದರೆ ಸಾಲದು. ತೂಕ ಒಂದು ಕಾರಣ ನಿಜ, ನೆಲವೂ ಒಂದು ಕಾರಣ. ಮನೆಯೊಳಗೆ ಹಾಕಲು ಒಂದು ಜೊತೆ ಮೆತ್ತನೆ ಚಪ್ಪಲಿ ಬೇರೆಯೇ ಇಡಿ. ತಳ ಸವೆದ ಹವಾಯಿ ಚಪ್ಪಲಿ ಬೇಡ. ಚಪ್ಪಲಿಯ ಹಿಂಭಾಗ ಸ್ವಲ್ಪ ಎತ್ತರ ಇರಬೇಕು, ಕಮಾನಿಗೆ ಆಸರೆ ಇರಬೇಕು. ಅಡುಗೆಮನೆ ಕಟ್ಟೆಯ ಮುಂದೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಮೇಷ್ಟ್ರು, ಕಂಡಕ್ಟರ್, ಗಾರ್ಮೆಂಟ್ಸ್ ಕೆಲಸದವರು, ಟ್ರಾಫಿಕ್ ಪೊಲೀಸರು ಶೂ ಒಳಗೆ ಸಿಲಿಕೋನ್ ಹೀಲ್ ಕಪ್ (ಹಿಮ್ಮಡಿಯಡಿ ಇಡುವ ಮೆತ್ತೆ) ಹಾಕಿ ನೋಡಬಹುದು. ಅಳತೆ ಕೊಟ್ಟು ಮಾಡಿಸುವ ದುಬಾರಿ ಸೋಲ್‌ಗೂ ಅಂಗಡಿಯಲ್ಲಿ ಸಿಗುವ ಸಾದಾ ಸೋಲ್‌ಗೂ ಹೆಚ್ಚಿನವರಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ.

ಸಂಜೆ ನೋವಿದ್ದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿ, ತೆಳು ಬಟ್ಟೆ ಸುತ್ತಿ, ಅಂಗಾಲಿನ ಕೆಳಗೆ 10 ನಿಮಿಷ ಹೊರಳಿಸಿ. ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಊರುವ ಮನೆಮದ್ದು ಗೊತ್ತಲ್ವಾ? ಶಾಖ ಹಿತ ಕೊಡುತ್ತದೆ. ಆದರೆ ಎಕ್ಕದ ಹಾಲು ಚರ್ಮಕ್ಕೂ ಕಣ್ಣಿಗೂ ಕೆಟ್ಟದ್ದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ಮಂಜು, ಬಿಸಿ ಎರಡನ್ನೂ ದೂರ ಇಡಿ. ಸುಟ್ಟಿದ್ದೇ ಗೊತ್ತಾಗುವುದಿಲ್ಲ.

ವಾಸಿಯಾಗಲು ತಿಂಗಳುಗಳೇ ಬೇಕು. ಆಪರೇಷನ್ ಇಲ್ಲದೆ ಹೆಚ್ಚಿನವರಿಗೆ ವರ್ಷದೊಳಗೆ ಗುಣವಾಗುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ. ಆದರೆ ಪದೇ ಪದೇ ತೆಗೆದುಕೊಂಡರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯ ಇದೆ. ವೈದ್ಯರ ಹತ್ತಿರ ಇದನ್ನು ಕೇಳಿಯೇ ಒಪ್ಪಿಕೊಳ್ಳಿ.

ಕೆಲವು ಸಂದರ್ಭದಲ್ಲಿ ಮನೆಮದ್ದು ಮಾಡುತ್ತಾ ಕೂರುವ ಹಾಗಿಲ್ಲ. ಪಾದ ಜೋಮು ಹಿಡಿಯುವುದು, ಉರಿಯುವುದು, ಊತದ ಜೊತೆ ಜ್ವರ, 'ಟಪ್' ಎಂದು ಹರಿದಂತಾಗಿ ಊರಲಾಗದಿರುವುದು, ಹಿಮ್ಮಡಿಯನ್ನು ಎರಡೂ ಬದಿಯಿಂದ ಹಿಂಡಿದರೆ ತೀವ್ರ ನೋವು, ಮಲಗಿದ್ದಾಗಲೂ ನೋವು. ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಿ. ವಯಸ್ಸು ಚಿಕ್ಕದು, ಎರಡೂ ಹಿಮ್ಮಡಿ ನೋವು, ಬೆಳಿಗ್ಗೆ ಸೊಂಟವೂ ಬಹಳ ಹೊತ್ತು ಹಿಡಿದುಕೊಂಡಿರುತ್ತದೆ ಅಂದರೆ ಅದು ಕೀಲುವಾತದ ಸುಳಿವು ಇರಬಹುದು. ಹಿಮ್ಮಡಿ ತೋರಿಸಲು ಹೋದಾಗ ಸೊಂಟದ ವಿಷಯವನ್ನೂ ಮರೆಯದೆ ಹೇಳಿ.