ಒಂದೇ ಬನದಲ್ಲಿ ಎರಡು ಎಣಿಕೆ

ಕಾಸರಗೋಡಿನ ಬದಿಯಡ್ಕದ ಸಮೀಪದ ನಮ್ಮ ನಾಗಬನದಲ್ಲಿ (ನಾಗನಿಗೆಂದು ಬಿಟ್ಟ ಮರಗಳ ತೋಪಿನಲ್ಲಿ) ಓರಿಲತ್ತಾಮರವೆಂಬ ಗಿಡವನ್ನೂ ಕಾಡುಪಾಪವೆಂಬ ಇರುಳಿನ ಪುಟ್ಟ ಪ್ರಾಣಿಯನ್ನೂ (ಲೋರಿಸ್) ಎಣಿಸಿ ಬರೆದಿಡಲು ಹೊರಟಾಗ, ದಿನಾಂಕ, ಜಾಗ, ಸಂಖ್ಯೆ ಎಂಬ ಮೂರು ಕಲಮುಗಳು ಎರಡಕ್ಕೂ ಸಾಕೆಂದು ನಾನು ನಂಬಿದ್ದೆ. ಮೊದಲ ವರ್ಷವೇ ಆ ಲೆಕ್ಕ ಕೈಕೊಟ್ಟಿತು.

ಓರಿಲತ್ತಾಮರವೆಂಬುದು ಮಲಯಾಳದ ಹೆಸರು. ಬೇರೊಂದು ಮದ್ದಿನ ಗಿಡವನ್ನೂ ಹಾಗೆಯೇ ಕರೆಯುವುದರಿಂದ, ನಾನು ಹೇಳುತ್ತಿರುವುದು ನರ್ವಿಲಿಯ ಎಂಬ ನೆಲದ ಸೀತಾಳೆಯ (ಆರ್ಕಿಡ್‌ನ) ಕುರಿತು ಎಂದು ಸ್ಪಷ್ಟಪಡಿಸಬೇಕು. ಮೊದಲ ಮಳೆ ಬಿದ್ದಾಗ ಎಲೆಯಿಲ್ಲದ ಹೂಕಡ್ಡಿಯೊಂದು ತರಗೆಲೆಯ ನಡುವಿನಿಂದ ಏಳುತ್ತದೆ. ಹೂ ಬಾಡಿದ ಮೇಲೆ ನೆರಿಗೆ ನೆರಿಗೆಯಾದ ಒಂದೇ ಎಲೆ ಬರುತ್ತದೆ. ಬೇಸಿಗೆಯಲ್ಲಿ ಮಣ್ಣಿನೊಳಗಿನ ಗೆಡ್ಡೆ ಮಾತ್ರ ಉಳಿಯುತ್ತದೆ. ಮಾರ್ಚಿನಲ್ಲಿ ನಾನು ಬರೆದ ಸೊನ್ನೆಗೆ ಆದುದರಿಂದ ಅರ್ಥವೇ ಇರಲಿಲ್ಲ. ಈಗ ಜೂನಿನಲ್ಲಿ ಹೂವನ್ನೂ ಆಗಸ್ಟಿನಲ್ಲಿ ಎಲೆಯನ್ನೂ ಎಣಿಸುತ್ತೇನೆ, ಏಕೆಂದರೆ ಎಲ್ಲ ಗೆಡ್ಡೆಗಳೂ ಪ್ರತಿವರ್ಷ ಹೂ ಬಿಡುವುದಿಲ್ಲ.

ಕಾಡುಪಾಪದ ಕಷ್ಟವೇ ಬೇರೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಬನದ ಅಂಚಿನಲ್ಲಿ ಅತಿ ನಿಧಾನವಾಗಿ ನಡೆಯುತ್ತ ಕೊಂಬೆಗಳಲ್ಲಿ ಹೊಳೆಯುವ ಕಣ್ಣುಗಳನ್ನು ಹುಡುಕಬೇಕು. ನತ್ತಿಂಗವೆಂಬ ಇರುಳುಹಕ್ಕಿಯ ಕಣ್ಣೂ ಕೆಂಪಗೆ ಹೊಳೆಯುತ್ತದೆ, ಆದರೆ ಅದು ಹೆಚ್ಚಾಗಿ ನೆಲದ ಮಟ್ಟದಲ್ಲಿರುತ್ತದೆ. ಒಂದಕ್ಕೊಂದು ಹತ್ತಿರವಾಗಿ ನಮ್ಮನ್ನೇ ನೆಟ್ಟು ನೋಡುವ ಜೋಡಿ ಕಣ್ಣುಗಳು ಬಳ್ಳಿಯ ನಡುವೆ ಕಂಡರೆ ಅದು ಬಹುತೇಕ ಕಾಡುಪಾಪವೇ. ಗಿಡಕ್ಕೆ ಕಡ್ಡಿ ನೆಟ್ಟು ಗುರುತಿಡಬಹುದು, ಈ ಪ್ರಾಣಿಗೆ ಅದು ಸಾಧ್ಯವಿಲ್ಲ. ನಿನ್ನೆ ಕಂಡದ್ದೇ ಇಂದು ಕಂಡಿತೋ ಎಂಬುದು ತಿಳಿಯದ ಕಾರಣ ಸಂಖ್ಯೆಯನ್ನು ಕೈಬಿಟ್ಟು, ಎಷ್ಟು ರಾತ್ರಿ ನಡೆದೆ, ಅವುಗಳಲ್ಲಿ ಎಷ್ಟು ರಾತ್ರಿ ಕಂಡಿತು ಎಂದಷ್ಟೇ ಬರೆಯತೊಡಗಿದೆ.

ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ್ದರ ಪ್ರಯೋಜನ ತಿಳಿದದ್ದು ಬನದ ಪಕ್ಕದ ದಾರಿಯನ್ನು ಅಗಲ ಮಾಡಿದಾಗ. ಕಾಡುಪಾಪ ನೆಗೆಯುವ ಪ್ರಾಣಿಯಲ್ಲ. ಕೊಂಬೆಯಿಂದ ಕೊಂಬೆಗೆ ಕೈಚಾಚಿ ಹಿಡಿದೇ ಸಾಗುತ್ತದೆ. ಮೇಲಿನ ಬಳ್ಳಿಗಳನ್ನು ಕಡಿದಂದೇ ಆಚೆಯ ಮರಗಳು ಅದಕ್ಕೆ ದೂರವಾದವು. ಸೀತಾಳೆಯ ಧೂಳಿನಂಥ ಬೀಜ ಗಾಳಿಯಲ್ಲಿ ದಾರಿಯನ್ನು ಸುಲಭವಾಗಿ ದಾಟುತ್ತದೆ, ಆದರೆ ತನ್ನೊಳಗೆ ಆಹಾರವಿಲ್ಲದ ಆ ಬೀಜ ಮೊಳೆಯಲು ಮಣ್ಣಿನ ಶಿಲೀಂಧ್ರವೊಂದರ ನೆರವು ಬೇಕು. ಆಚೆಗಿರುವುದು ರಬ್ಬರು, ಅದರ ಪಕ್ಕದ ಗುಡ್ಡದಲ್ಲಿ ದನದ ಹಟ್ಟಿಗೆಂದು ತರಗೆಲೆಯನ್ನು ವರ್ಷವೂ ಗುಡಿಸಿ ಒಯ್ಯುತ್ತಾರೆ (ನಮ್ಮ ಮನೆಯವರೂ ಒಯ್ಯುತ್ತಿದ್ದೆವು). ನಾಲ್ಕು ಮಳೆಗಾಲ ಹುಡುಕಿದರೂ ಅಲ್ಲಿ ಒಂದೆಲೆಯೂ ಸಿಗಲಿಲ್ಲ.

ಈಗ ಎರಡಕ್ಕೂ ಬೇರೆ ಬೇರೆ ಹಾಳೆಗಳಿವೆ. ಗೆಡ್ಡೆ ಅಗೆಯುವವರೂ ಕಾಡುಪಾಪ ಹಿಡಿಯುವವರೂ ಇರುವುದರಿಂದ, ಯಾರಿಗಾದರೂ ಪ್ರತಿ ಕೊಡುವಾಗ ಜಾಗದ ಕಲಮನ್ನು ಖಾಲಿ ಬಿಡುತ್ತೇನೆ.